ಕೊಕೊಫುವಿಗೆ ಒಯ್ದ ಎರಡು ಬಾಟಲಿ

ಫೋನು ಬಂದ ಕೂಡಲೆ ಗಂಡ ಅನ್ನೋನು ಅಂಗಳ ದಾಟಿ, ಬೆಣ್ಣೆಹಣ್ಣಿನ ಮರದ ಬುಡಕ್ಕೆ ಹೋಗಿ ಪಿಸುಪಿಸು ಶುರುಮಾಡಿದರೆ ಹೆಂಡತಿಗೆ ಏನನ್ನಿಸಬೇಕು, ನೀವೇ ಹೇಳಿ. ಬಿರಾಗೊಗೆ ಮೊದಲು ಹೆಣ್ಣಿನ ಅನುಮಾನ ಬಂತು. ಅದನ್ನು ಬೇಗ ಬಿಟ್ಟಳು. ಗಂಡ ಅಗ್ಯೆಕುಮ್‌ನ ಜೇಬಿನ ಗತಿ ಅವಳಿಗೆ ಗೊತ್ತಿಲ್ಲದ್ದಲ್ಲ. ಆ ಜೇಬು ನೋಡಿ ಯಾವ ಹೆಣ್ಣೂ ಹಿಂದೆ ಬೀಳುವುದಿಲ್ಲ. ಆಮೇಲೆ ಉಳಿದವಳು ಅವನ ಅಕ್ಕ ಅಡೋಮಾ. ಈ ಅನುಮಾನ ಬಂದದ್ದೇ ತಡ, ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಅಸಾಂಟೆ ಸೀಮೆಯ ಬೆಕ್ವಾಯಿ ಊರಿನಲ್ಲಿ ಸಾವಿನ ಮನೆಗಳಿಗೆ ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ವ್ಯಾಪಾರ ಗಂಡ ಹೆಂಡತಿಯದು. ಶನಿವಾರ ಬಂತೆಂದರೆ ಸಾವಿಗೆ ಹೊರಟು ಕಪ್ಪು ಕೆಂಪು ಬಟ್ಟೆ ಉಟ್ಟ ಜನ ಇಲ್ಲದ ಬೀದಿ ಆ ಸೀಮೆಯಲ್ಲಿ ಉಂಟೆ? "ಜನ ಸಾಯೋದು ನಿಲ್ಲಲ್ಲ ಮೇಡಂ, ನಮ್ಮ ವ್ಯಾಪಾರಾನೂ ನಿಲ್ಲಲ್ಲ" ಅಂತ ಅಗ್ಯೆಕುಮ್ ಬ್ಯಾಂಕಿನಲ್ಲಿ ಹಲ್ಲು ಕಿರಿದು ಹೇಳಿ, ಮನೆ ಅಡವಿಟ್ಟು, ಹೊಸ ಶಾಮಿಯಾನ, ನೀಲಿ ಪ್ಲಾಸ್ಟಿಕ್ ಕುರ್ಚಿ, ಕೆಮ್ಮುವ ಒಂದು ಹಳೇ ಲಾರಿ ತಂದಿದ್ದ. ಜನ ಸಾಯುವುದನ್ನು ನಿಲ್ಲಿಸಲಿಲ್ಲ, ಅದೇನೋ ನಿಜ. ಆದರೆ ಚರ್ಚಿನ ಎದುರು ಇನ್ನೊಬ್ಬ ಅಂಗಡಿ ಇಟ್ಟ. ಅವನ ಕುರ್ಚಿಗೆ ಬಿಳೀ ಗವಸು, ಬೆನ್ನಿಗೆ ದೊಡ್ಡ ರಿಬ್ಬನ್ನು. ಹೆಣ ಮುಂದೆ ಇಟ್ಟುಕೊಂಡವರಿಗೂ ಈಗ ಶೋಕಿ ಬೇಕು ನೋಡಿ! ಬಿರಾಗೊಳ ನೀಲಿ ಕುರ್ಚಿ ಕೇಳುವವರು ಬಡವರು, ಬಡವರು ಮುಂಗಡ ಕೊಟ್ಟು ಬಾಕಿಗೆ ಕೈಯೆತ್ತುವವರು. ಸತ್ತವರ ಮನೆ ಬಾಗಿಲಲ್ಲಿ ನಿಂತು ಬಾಡಿಗೆ ಕೊಡಿ ಅಂತ ಗಂಟಲು ಹರಿದುಕೊಳ್ಳೋಕಾಗುತ್ತದೆಯೇ?

ಹೀಗೆ ಮನೆಯ ಸಾಲದ ಕಂತು ಒಂದಕ್ಕೊಂದು ಸೇರಿ ಬೆಟ್ಟವಾಯಿತು. ಬ್ಯಾಂಕಿನಿಂದ ಮೊದಮೊದಲು ನಗುತ್ತಾ ಫೋನು ಬರುತ್ತಿತ್ತು, ಆಮೇಲೆ ನಗದೆ ಬರತೊಡಗಿತು. ಒಂದು ದಿನ ಟೈ ಕಟ್ಟಿದ ಒಬ್ಬಾತ ಬಂದು ಗೋಡೆ, ಬಾವಿ, ಗೇಟು ಎಲ್ಲದರ ಫೋಟೋ ತೆಗೆದುಕೊಂಡ. ಬಿರಾಗೊ ಸೊಂಟದ ಮೇಲೆ ಕೈಯಿಟ್ಟು ನಿಂತು, "ಏನಪ್ಪಾ, ಮದುವೆಗೆ ಹೆಣ್ಣು ನೋಡೋಕೆ ಬಂದಂಗೆ ನೋಡ್ತಿದ್ದೀಯ?" ಅಂದಳು. ಆತ ನಗಲಿಲ್ಲ. ತಿಂಗಳ ಕೊನೆಯೊಳಗೆ ಬಾಕಿ ತೀರದಿದ್ದರೆ ಮನೆ ಹರಾಜಿಗೆ ಹೋಗುತ್ತದೆ ಅಂತ ಹೇಳಿ, ಬೂಟಿನ ಕೆಸರು ಅವಳ ಮೆಟ್ಟಿಲಿಗೇ ಒರೆಸಿ ಹೋದ.

ಆ ಮನೆ ಅವಳ ಜೀವ. ಪತ್ರ ಗಂಡನ ಹೆಸರಲ್ಲಿತ್ತು, ಇರಲಿ. ಅರ್ಧ ಇಟ್ಟಿಗೆ ಅವಳು ಹೊಗೆಯಲ್ಲಿ ಒಣಗಿಸಿ ಮಾರುವ ಮೀನಿನ ವ್ಯಾಪಾರದ ದುಡ್ಡಿನದು. ತಳಪಾಯಕ್ಕೆ ನೀರು ಹೊತ್ತದ್ದು ಅವಳ ತಲೆ. ಅಸಾಂಟೆ ಜನರದು ಅಳಿಯಕಟ್ಟು. ಗಂಡ ಸತ್ತರೆ ಕುಟುಂಬದ ಆಸ್ತಿ ಅವನ ಅಕ್ಕನ ಮಗನಿಗೆ, ಹೆಂಡತಿ ಮಕ್ಕಳಿಗೆ ಬರಿಗೈ. ಆದರೆ ಗಂಡ ಸ್ವಂತ ದುಡಿದು ಕಟ್ಟಿದ ಮನೆ ಹೆಂಡತಿ ಮಕ್ಕಳಿಗೇ ಅಂತ ಸರ್ಕಾರದ ಕಾನೂನು ಬಂದಿದೆ. ಈ ಕಾನೂನಿನ ಮೇಲೆ ಬಿರಾಗೊ ತನ್ನ ಮೂರು ಹೆಣ್ಣುಮಕ್ಕಳ ತಲೆ ಮೇಲಿನ ಸೂರು ನಿಲ್ಲಿಸಿದ್ದಳು. ಬ್ಯಾಂಕಿನ ಪಾಲಾಗಬಾರದು, ಅಡೋಮಾಳ ಮಗ ಯಾಮೊನ ಪಾಲೂ ಆಗಬಾರದು, ಇಷ್ಟೇ ಅವಳಿಗೆ ಬೇಕಾದದ್ದು.

ಅಂಥ ಹೊತ್ತಿನಲ್ಲಿ ಈ ಅಡೋಮಾ ಮೇಲಿಂದ ಮೇಲೆ ಬರತೊಡಗಿದಳು. ವಿಧವೆ, ಮಾರುಕಟ್ಟೆ ಹಿಂದೆ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದಾಳೆ, ಮಾತು ಕಡಿಮೆ. ಮಾತು ಕಡಿಮೆ ಇರುವವರ ಮೇಲೆ ಬಿರಾಗೊಗೆ ಮೊದಲಿಂದಲೂ ನಂಬಿಕೆ ಇಲ್ಲ. ಬರುವಾಗ ಒಂದು ಗೆಣಸು, ಒಂದು ಬಾಳೆಗೊನೆ ತರುತ್ತಿದ್ದಳು. ಒಂದು ಸಲ ಬಂದವಳು ಒಳಗೆಲ್ಲ ಕಣ್ಣಾಡಿಸಿ, "ಹಿಂದಿನ ಕೋಣೇಲಿ ಯಾರು ಮಲಗ್ತಾರೆ?" ಅಂದಳು.

"ಯಾಕತ್ತಿಗೆ? ಯಾರಾದ್ರೂ ಬರೋರಿದ್ದಾರಾ?"

"ಸುಮ್ನೆ ಕೇಳ್ದೆ ಕಣೆ. ಗಾಳಿ ಚೆನ್ನಾಗಿ ಬರತ್ತೆ."

"ಗಾಳಿ ನಿಮ್ಮ ಕೋಣೇಲೂ ಬರತ್ತಲ್ಲ, ಕಿಟಕಿ ತೆಗೀರಿ."

ಅಡೋಮಾ ಎದ್ದು ಹೋದಳು. ಕಂಡಿರಾ, ಮಗನಿಗೆ ಕೋಣೆ ಆರಿಸೋಕೆ ಬಂದಿದ್ದಾಳೆ ಅಂತ ಬಿರಾಗೊ ಗೊಣಗಿಕೊಂಡಳು. ಅವಳು ತಂದ ಗೆಣಸನ್ನು ಮನೆಯಲ್ಲಿ ಬೇಯಿಸಲಿಲ್ಲ, ಪಕ್ಕದ ಮನೆಯ ಆಡಿಗೆ ಹಾಕಿದಳು. ಆಡಿಗೆ ಏನೂ ಆಗಲಿಲ್ಲ. ಆದರೂ ಮುಂದಿನ ಸಲ ತಂದ ಬಾಳೆಕಾಯಿಯೂ ಆಡಿನ ಹೊಟ್ಟೆಗೇ ಹೋಯಿತು.

ಒಂದು ಮಧ್ಯಾಹ್ನ ಫೋನು ಬಂತು. ಅಗ್ಯೆಕುಮ್ ಮರದ ಕೆಳಗೆ ಪಿಸುಗುಟ್ಟಿ ಬಂದು, ಲಾರಿಯ ಟೈರು ನೋಡಿಸಿಕೊಂಡು ಬರ್ತೀನಿ ಅಂತ ಹೊರಟ. ಟೈರು ನೋಡಿಸುವವನು ಲಾರಿ ಬಿಟ್ಟು ಹೋಗುತ್ತಾನೆಯೇ? ಬಿರಾಗೊ ಸೆರಗಿನಂಥ ಮೇಲುಬಟ್ಟೆ ತಲೆಗೆ ಸುತ್ತಿಕೊಂಡು, ಅವನು ಹತ್ತಿದ ಬಾಡಿಗೆ ವ್ಯಾನಿನ ಹಿಂದೆಯೇ ಬಂದ ಇನ್ನೊಂದು ವ್ಯಾನು ಹತ್ತಿದಳು. ಅವನು ಇಳಿದದ್ದು ಕೊಕೊಫುವಿನಲ್ಲಿ, ಅವನ ಸೋದರಮಾವ ಸಾರ್ಫೋನ ಮನೆ ಮುಂದೆ. ಸಾರ್ಫೋ ಅಂದರೆ ಇಡೀ ಕುಟುಂಬದ ಯಜಮಾನ, ಕುಟುಂಬದ ಕೋಕೋ ತೋಟದ ದುಡ್ಡೆಲ್ಲ ಅವನ ಕೈಯಲ್ಲಿ. ಬೇಲಿಯ ಸಂದಿಯಿಂದ ಬಿರಾಗೊ ನೋಡಿದಳು. ಗಂಡ ಚಪ್ಪಲಿ ಕಳಚಿ, ಹೆಗಲ ಬಟ್ಟೆ ಕೆಳಗಿಳಿಸಿ, ಮುದುಕನ ಮುಂದೆ ತಲೆ ತಗ್ಗಿಸಿ ನಿಂತಿದ್ದ. ಜಗಲಿಯ ಮೂಲೆಯಲ್ಲಿ ಅಡೋಮಾ ಕೂತಿದ್ದಳು. ಮೂವರೂ ಸೇರಿ ತನ್ನ ಬೆನ್ನ ಹಿಂದೆ ಏನೋ ಹೊಸೆಯುತ್ತಿದ್ದಾರೆ ಅಂತ ಬಿರಾಗೊಗೆ ಖಾತ್ರಿಯಾಯಿತು.

ಸಂಜೆ ಅವನು ಮನೆಗೆ ಬಂದಾಗ ಮುದ್ದೆಯಂಥ ಫುಫು, ಸಾರು ಬಡಿಸಿ, ಅವನು ಕೈ ತೊಳೆದು ಮೊದಲ ತುತ್ತು ಮುರಿಯುವ ತನಕ ಕಾದಳು.

"ಟೈರು ಕೊಕೊಫುವಿನಲ್ಲಿ ಅಗ್ಗ ಏನ್ರೀ?"

ಅಗ್ಯೆಕುಮ್ ಮುರಿದ ತುತ್ತನ್ನು ತಟ್ಟೆಗೇ ಬಿಟ್ಟ. "ನನ್ನ ಹಿಂದೇನೇ ಬಂದಿದ್ಯಾ?"

"ಬಂದಿದ್ದೆ. ಮನೆ ಯಾರಿಗೆ ಮಾರಿದ್ರಿ? ನಿಮ್ಮ ಅಕ್ಕನ ಮಗನಿಗಾ? ಬೊಗಳಿ."

"ಮಾರೋದಾ? ಹುಚ್ಚಿ! ಮನೆ ಉಳೀತು ಕಣೆ!" ಅವನು ಕೈಯ ಸಾರು ಅಂಗಿಗೆ ಒರೆಸಿಕೊಂಡ. "ಬ್ಯಾಂಕಿನ ಸಾಲ ಅಷ್ಟೂ ಮಾವ ಕಟ್ಟಿಬಿಟ್ಟ. ಬಾಕಿ, ಅಸಲು, ಎಲ್ಲ. ಹರಾಜು ಗಿರಾಜು ಏನಿಲ್ಲ. ಆಗೋವರೆಗೂ ನಿಂಗೆ ಹೇಳ್ಬಾರದು ಅಂತಿದ್ದೆ, ಕೆಟ್ಟು ಹೋದ್ರೆ ನೀನು ನನ್ನ ಚರ್ಮ ಸುಲೀತಿದ್ದೆ."

ಬಿರಾಗೊಗೆ ಮೊದಲು ಅಳು ಬಂತು. ಎಷ್ಟು ತಿಂಗಳಿಂದ ಹೊಟ್ಟೆಯಲ್ಲಿ ಕಲ್ಲು ಹೊತ್ತಿದ್ದಳೋ, ಅದು ಇಳಿದ ಹಾಗಾಗಿ ನೆಲಕ್ಕೆ ಕುಕ್ಕರಿಸಿ ಗಟ್ಟಿಯಾಗಿ ಅತ್ತಳು. ಮಕ್ಕಳು ಓಡಿಬಂದು ನೋಡಿ, ಅಪ್ಪನನ್ನೇ ದುರುಗುಟ್ಟಿ ನೋಡಿದವು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಕೇಳಿದಳು.

"ಮನೆ ಪತ್ರ ಎಲ್ಲಿ?"

"ಮಾವನ ಹತ್ರ. ಜೋಪಾನವಾಗಿದೆ."

"ಅವರು ಕೊಟ್ಟದ್ದು ಸಾಲವೋ, ಸುಮ್ನೆ ಕೊಟ್ಟದ್ದೋ?"

"ಅದೆಲ್ಲ ಮಾತಾಡ್ಲಿಲ್ಲ. ಹೋಗು, ಮುಂದೆ ನೋಡ್ಕೊಳೋಣ ಅಂದ."

ನೋಡ್ಕೊಳೋಣ! ಅಳು ನಿಂತ ಜಾಗದಲ್ಲಿ ಹಳೆಯ ಬಿರಾಗೊ ಎದ್ದು ಕೂತಳು. ಏನು ನೋಡಿಕೊಳ್ಳುತ್ತಾನೆ ಆ ಮುದುಕ? ಈಗ ನಗುನಗುತ್ತಾ ಕಟ್ಟಿ, ಎರಡು ವರ್ಷ ಬಿಟ್ಟು ಬಡ್ಡಿ ಸಮೇತ ಕೇಳುತ್ತಾನೆ. ಕೊಡೋಕಾಗದಿದ್ದರೆ ಪತ್ರ ಅವನ ಕೈಯಲ್ಲೇ ಇದೆ. ಬ್ಯಾಂಕಾದರೆ ನೋಟೀಸು ಕೊಡುತ್ತದೆ, ಮಾವ ನೋಟೀಸು ಕೊಡುತ್ತಾನೆಯೇ? ಯಾವಾಗ ಬೇಕಾದರೂ ಕುತ್ತಿಗೆಗೆ ಕೈ ಹಾಕಬಹುದಾದ ಸಾಲ ಇದು. ಗಂಡ ಎರಡನೇ ಸಲ ಸಾರು ಹಾಕಿಸಿಕೊಂಡು ಸೊರಸೊರ ಉಣ್ಣುತ್ತಿದ್ದ. ಇವನಿಗೆ ಲೋಕಜ್ಞಾನ ಯಾವಾಗ ಬರುತ್ತದೋ ಅಂತ ಅವಳು ಅವನನ್ನೇ ನೋಡುತ್ತಾ ಕೂತಳು.

ಇದಕ್ಕೆ ಮದ್ದು ಅವಳಿಗೆ ಮಾರನೆಯ ದಿನ ಕುರ್ಚಿ ತೊಳೆಯುವಾಗ ಹೊಳೆಯಿತು. ಆ ಕಡೆ ಯಾರಾದರೂ ಏನಾದರೂ ಕೊಟ್ಟರೆ, ತೆಗೆದುಕೊಂಡವರು ಬೆಳಗಾಗೆದ್ದು ಶ್ನಾಪ್ಸ್ ಅನ್ನುವ ಸಾರಾಯಿ ಬಾಟಲಿ ಹಿಡಿದು, ಸಾಕ್ಷಿ ಕರೆದುಕೊಂಡು ಹೋಗಿ ಉಪಕಾರವಾಯಿತು ಅಂತ ಹೇಳಬೇಕು. ಅದಕ್ಕೆ ಅಸೆಡಾ ಅನ್ನುತ್ತಾರೆ. ಅಸೆಡಾ ಕುಡಿದ ಮೇಲೆ ಕೊಟ್ಟದ್ದು ಕೊಟ್ಟಂತೆಯೇ. ಅಪ್ಪನಾಣೆಗೂ ವಾಪಸು ಕೇಳುವ ಹಾಗಿಲ್ಲ, ಕೇಳಿದರೆ ಯಾವ ಪಂಚಾಯಿತಿಯೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹಾಗಾದರೆ ಮುದುಕ ಸಾಲ ಅನ್ನುವ ಮೊದಲೇ ಅವನ ಬಾಯಿಗೆ ಶ್ನಾಪ್ಸ್ ಸುರಿದುಬಿಟ್ಟರೆ? ಬಿರಾಗೊಗೆ ತನ್ನ ಜಾಣತನಕ್ಕೆ ತಾನೇ ನಗು ಬಂತು. ಕುರ್ಚಿ ಬಾಡಿಗೆ ಬಂದದ್ದರಲ್ಲಿ ಒಂದಲ್ಲ, ಎರಡು ಬಾಟಲಿ ತಂದಳು. ಸಾಕ್ಷಿಗೆ ಬರಲು ತನ್ನ ಅಣ್ಣ ದಾರ್ಕೊಗೆ ಫೋನು ಮಾಡಿದಳು. ಭಾನುವಾರ ಬೆಳಿಗ್ಗೆ ಹೊರಡುವುದು ಅಂತಾಯಿತು.

ಶುಕ್ರವಾರ ಅಡೋಮಾ ಬಂದಳು. ಕೈಯಲ್ಲಿ ಈ ಸಲ ಏನೂ ಇರಲಿಲ್ಲ. ಬಿರಾಗೊ ಹಿತ್ತಲಲ್ಲಿ ಶಾಮಿಯಾನದ ಹರಿದ ಅಂಚಿಗೆ ದಬ್ಬಳ ಹಾಕುತ್ತಿದ್ದಳು. ಎದ್ದು ಕುರ್ಚಿ ಕೊಡಲಿಲ್ಲ. ಮನೆ ತುಂಬ ಬಾಡಿಗೆ ಕುರ್ಚಿ ಇಟ್ಟುಕೊಂಡವಳು ಗಂಡನ ಅಕ್ಕನಿಗೆ ಒಂದು ಕುರ್ಚಿ ಎಳೆಯಲಿಲ್ಲ ನೋಡಿ. ಅಡೋಮಾ ತಾನೇ ಒಂದು ಕಲ್ಲಿನ ಮೇಲೆ ಕೂತಳು.

"ಭಾನುವಾರ ಮಾವನ ಮನೆಗೆ ಅಸೆಡಾ ತಗೊಂಡು ಹೋಗ್ತೀರಂತೆ."

"ಸುದ್ದಿ ನಿಮಗೆ ಬೇಗ ಮುಟ್ಟತ್ತಪ್ಪ!"

"ಹೋಗ್ಬೇಡ ಬಿರಾಗೊ."

ಬಿರಾಗೊಳ ದಬ್ಬಳ ನಿಂತಿತು. "ಏನಂದ್ರಿ?"

"ಹೋಗ್ಬೇಡ. ಹುಷಾರಿಲ್ಲ ಅಂತ ಹೇಳು, ಲಾರಿ ಕೆಟ್ಟಿದೆ ಅಂತ ಹೇಳು. ಒಂದು ವಾರ ಬಿಟ್ಟು, ಬಾಟಲಿ ಬೇಡ, ಕೈಗೆ ಬಂದಷ್ಟು ದುಡ್ಡು ತಗೊಂಡು ಹೋಗು. ಇದು ಮೊದಲನೇ ಕಂತು ಅಂತ ಸಾಕ್ಷಿ ಮುಂದೆ ಕೊಡು. ಐವತ್ತರ ಒಂದು ನೋಟಾದ್ರೂ ಸರಿ. ಸಾಲ ಅಂತಲೇ ಇರ್ಲಿ ಅದು."

"ಆಹಾ!" ಬಿರಾಗೊ ಎದ್ದು ನಿಂತಳು. "ಸಾಲ ಅಂತಲೇ ಇರ್ಲಿ! ಜನ್ಮಪೂರ್ತಿ ನಿಮ್ಮ ಮನೆಯವರ ಮುಂದೆ ಕೈ ಕಟ್ಟಿಕೊಂಡು ನಿಂತಿರ್ಲಿ ಅಂತ ತಾನೆ ನಿಮಗೆ?"

"ಯಾಕೆ ಹೇಳ್ತಿದ್ದೀನಿ ಅಂತ ಒಂದು ಸಲ ಕೇಳು ತಂಗಿ. ನನ್ನ ಗಂಡ ತೀರಿಕೊಂಡಾಗ ಅವರ ಕಡೆಯೋರು ನನ್ನನ್ನ ಮನೆಯಿಂದ..."

"ಕೇಳಲ್ಲ. ನನಗೆ ಗೊತ್ತು. ನಾನು ಉಪಕಾರ ಹೇಳೋಕೆ ಹೋಗದೆ ಇದ್ರೆ ಊರೆಲ್ಲ ಏನನ್ನತ್ತೆ? ಕೃತಘ್ನ ಹೆಂಗಸು ಅನ್ನತ್ತೆ. ಮಾವನಿಗೆ ಸಿಟ್ಟು ಬರತ್ತೆ. ಆವಾಗ ಪತ್ರ ನಿಮ್ಮ ಯಾಮೊನ ಕೈಗೆ. ಅಷ್ಟು ದಡ್ಡಿ ಅಂದ್ಕೊಂಡ್ರಾ ನನ್ನ?"

ಅಡೋಮಾ ಕಲ್ಲಿನಿಂದ ಎದ್ದಳು. ಅವಳ ಕೆನ್ನೆಯ ಮೇಲೆ ನೀರಿತ್ತು, ಬಿರಾಗೊ ಅದನ್ನೂ ನಂಬಲಿಲ್ಲ. "ನಾನು ಇಲ್ಲಿಗೆ ಬಂದಿದ್ದು ಮಾವನಿಗೆ ಗೊತ್ತಾದ್ರೆ ನನ್ನನ್ನ ಹೊಸಿಲು ದಾಟಿಸಲ್ಲ," ಅಂದಳು. "ಹೇಳೋದು ಹೇಳಿದೀನಿ."

"ಹೇಳಿದ್ದಾಯ್ತಲ್ಲ, ಗೇಟು ಅಲ್ಲಿದೆ."

ಅವಳು ಹೋದ ಮೇಲೆ ಬಿರಾಗೊ ದಬ್ಬಳ ಚುಚ್ಚಿದ ರಭಸಕ್ಕೆ ದಾರ ಎರಡು ಸಲ ಕಿತ್ತುಬಂತು. ಶತ್ರು ಬೇಡ ಅಂದಳೆಂದರೆ ತಾನು ಹಿಡಿದ ದಾರಿ ಸರಿಯೆಂದೇ ಅರ್ಥ. ಇದ್ದ ಒಂದಿಷ್ಟು ಅಳುಕೂ ಹೋಯಿತು. ಗಂಡನಿಗೆ ಅಡೋಮಾ ಬಂದದ್ದನ್ನು ಹೇಳಲಿಲ್ಲ. ಅಕ್ಕನ ಮಾತಿಗೆ ಕರಗಿ ಎಲ್ಲಿ ಹಿಂದೆ ಸರಿಯುತ್ತಾನೋ ಅನ್ನುವ ಭಯ.

ಭಾನುವಾರ ಮಂಜು ಇನ್ನೂ ಹರಿದಿರಲಿಲ್ಲ, ಅವರು ಕೊಕೊಫು ಮುಟ್ಟಿದರು. ಬಿರಾಗೊ ಚರ್ಚಿಗೆ ಉಡುವ ಬಿಳೀ ಬಟ್ಟೆ ಉಟ್ಟಿದ್ದಳು. ಜಗಲಿಯಲ್ಲಿ ಸಾರ್ಫೋ ಕೂತಿದ್ದ, ಪಕ್ಕದಲ್ಲಿ ಕುಟುಂಬದ ನಾಲ್ಕಾರು ಹಿರಿಯರು. ಇಷ್ಟು ಬೆಳಿಗ್ಗೆ ಇಷ್ಟು ಜನ! ಸಾಕ್ಷಿ ಹೆಚ್ಚಿದಷ್ಟೂ ಒಳ್ಳೆಯದೇ ಅಂತ ಅವಳು ಹಿಗ್ಗಿದಳು. ಅಡೋಮಾ ಕಂಬಕ್ಕೆ ಒರಗಿ ನಿಂತಿದ್ದಳು, ಇವಳ ಕಡೆ ನೋಡಲಿಲ್ಲ. ಕುಡಿಯಲು ನೀರು ಕೊಟ್ಟರು, ಕೈ ಕುಲುಕಿದರು. ಎಲ್ಲರೂ ಕೂತ ಮೇಲೆ ಸಾರ್ಫೋ ಪದ್ಧತಿಯಂತೆ ಕೇಳಿದ.

"ನಮ್ಮ ಕಡೆ ಎಲ್ಲ ಕ್ಷೇಮ. ನೀವು ಬಂದ ಕಾರಣ ಹೇಳಿ."

ಅಗ್ಯೆಕುಮ್ ಬಾಯಿ ತೆರೆದ. ಇವನು ತೊದಲಿ ಎಲ್ಲ ಕೆಡಿಸುತ್ತಾನೆ ಅಂತ ಬಿರಾಗೊ ತಾನೇ ಎದ್ದು, ಬಾಟಲಿ ಎರಡನ್ನೂ ಮುದುಕನ ಕಾಲ ಬಳಿ ಇಟ್ಟಳು.

"ಮಾವನೋರೆ, ನೀವು ನಮ್ಮ ಮನೆ ಉಳಿಸಿದ್ರಿ. ಅದಕ್ಕೆ ಅಸೆಡಾ ತಂದಿದ್ದೀವಿ."

ಸಾರ್ಫೋ ಬಾಟಲಿ ಮುಟ್ಟಲಿಲ್ಲ. ತುಂಬ ಮೃದುವಾಗಿ ಹೇಳಿದ, "ನಾನು ಯಾರು ಮಗಳೇ ಉಳಿಸೋಕೆ? ನನ್ನ ಜೇಬಲ್ಲಿ ಏನಿದೆ? ಅದು ಕುಟುಂಬದ ದುಡ್ಡು."

"ಹೌದು ಮಾವನೋರೆ, ಕುಟುಂಬ ಉಳಿಸ್ತು."

"ಕುಟುಂಬದ ದುಡ್ಡಿಂದ ಮನೆ ಬಿಡುಗಡೆ ಆಯ್ತು ಅಂತೀಯ. ಎಲ್ಲರಿಗೂ ಕೇಳೋ ಹಾಗೆ ಹೇಳಮ್ಮ, ಹಿರಿಯರಿಗೆ ಕಿವಿ ಮಂದ."

ಅವಳು ಗಟ್ಟಿಯಾಗಿ ಹೇಳಿದಳು.

"ಇದು ಸಾಲದ ಮಾತೇನಾದ್ರೂ ಉಂಟೋ? ನಿನ್ನ ಮನಸ್ಸಲ್ಲಿ ಹಾಗೇನಾದ್ರೂ ಇದ್ರೆ ಈಗಲೇ ಹೇಳಿಬಿಡು. ಆಮೇಲೆ ಮಾತು ಬೇಡ."

ಬಿರಾಗೊಗೆ ಆ ಕ್ಷಣದಲ್ಲಿ ಮುದುಕನನ್ನು ನೋಡಿ ಅಯ್ಯೋ ಅನ್ನಿಸಿತಂತೆ. ತಾನಾಗೇ ಬಲೆಗೆ ಬೀಳುತ್ತಿದ್ದಾನಲ್ಲ! "ಅಯ್ಯಯ್ಯೋ, ಸಾಲ ಯಾಕೆ ಮಾವನೋರೆ? ಸಾಲ ಅಲ್ಲವೇ ಅಲ್ಲ. ನೀವು ಪ್ರೀತಿಯಿಂದ ಕೊಟ್ಟಿದ್ದು, ನಾವು ಪ್ರೀತಿಯಿಂದ ತಗೊಂಡಿದ್ದು."

ಕಂಬದ ಹತ್ತಿರ ಅಡೋಮಾ ಕಣ್ಣು ಮುಚ್ಚಿಕೊಂಡಳು. ಸಾರ್ಫೋ ಬಾಟಲಿಯ ಮುಚ್ಚಳ ತೆಗೆದು, ಗತಿಸಿದ ಹಿರಿಯರ ಹೆಸರು ಹೇಳುತ್ತಾ ನೆಲಕ್ಕೆ ನಾಲ್ಕು ಹನಿ ಬಿಟ್ಟ. ಒಂದೇ ಲೋಟ ಕೈಯಿಂದ ಕೈಗೆ ಹೋಯಿತು. ಹಿರಿಯರು ಕುಡಿದರು, ಅಗ್ಯೆಕುಮ್ ಕುಡಿದ, ದಾರ್ಕೊ ಕುಡಿದ. ಬಿರಾಗೊಳ ಸರದಿ ಬಂದಾಗ ಅವಳು ಲೋಟ ತಳದವರೆಗೂ ಬರಿದು ಮಾಡಿದಳು. ಗಂಟಲು ಉರಿದು ಕಣ್ಣಲ್ಲಿ ನೀರು ಬಂತು. ಇನ್ನೇನು, ಪತ್ರ ಕೇಳುವುದೊಂದು ಬಾಕಿ.

"ಮಾವನೋರೆ, ಹಾಗಾದ್ರೆ ಪತ್ರ ಇವತ್ತೇ ಒಯ್ಯೋದಾ?"

"ಯಾವ ಪತ್ರ?" ಅಂದ ಸಾರ್ಫೋ.

"ಮನೇದು."

"ಕುಟುಂಬದ ಮನೆ ಪತ್ರ ಕುಟುಂಬದ ಪೆಟ್ಟಿಗೇಲಿ ಇರ್ಬೇಕಲ್ವಾ ಮಗಳೇ?"

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಮುದುಕ ಅವಸರವೇ ಇಲ್ಲದೆ, ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದ. ಅಗ್ಯೆಕುಮ್‌ನ ಮನೆ ಬ್ಯಾಂಕಿನ ಬಾಯಿಗೆ ಹೋಗಿತ್ತು. ಕುಟುಂಬದ ದುಡ್ಡು ಅದನ್ನು ಬಿಡಿಸಿಕೊಂಡು ಬಂತು. ಸಾಲವಾಗಿದ್ದರೆ ತೀರಿಸಿದ ದಿನ ಮನೆ ಮತ್ತೆ ಅಗ್ಯೆಕುಮ್‌ನದೇ ಆಗುತ್ತಿತ್ತು. ಸಾಲ ಅಲ್ಲ ಅಂತ ಅವಳೇ ಇಷ್ಟು ಜನರ ಮುಂದೆ ಹೇಳಿ, ಅಸೆಡಾನೂ ಕೊಟ್ಟಳು. ಕುಟುಂಬದ ದುಡ್ಡು ಗೋಡೆಯಲ್ಲಿ ಸೇರಿದ ಮೇಲೆ ಅದು ಕುಟುಂಬದ ಮನೆ. ಗಂಡನ ಸ್ವಂತ ಗಳಿಕೆ ಹೆಂಡತಿಗೆ ಅನ್ನುವ ಸರ್ಕಾರದ ಕಾನೂನು ಕುಟುಂಬದ ಮನೆಯ ಹೊಸಿಲು ಮುಟ್ಟುವುದಿಲ್ಲ.

"ಇಲ್ಲ! ಸಾಲ ಅದು! ಸಾಲ! ನಾನು ತೀರಿಸ್ತೀನಿ!" ಬಿರಾಗೊ ಕೂಗಿದಳು. "ಕುರ್ಚಿ ಮಾರ್ತೀನಿ, ಲಾರಿ ಮಾರ್ತೀನಿ, ಮತ್ತೆ ಮೀನು ಹೊತ್ತು ತೀರಿಸ್ತೀನಿ!"

"ಕುಡಿದದ್ದನ್ನ ಬಾಟಲಿಗೆ ವಾಪಸ್ ತುಂಬೋಕಾಗುತ್ತಾ ತಾಯಿ?" ಅಂದ ಒಬ್ಬ ಹಿರಿಯ. ಉಳಿದವರು ನಕ್ಕರು. ಕೆಟ್ಟ ನಗುವೇನಲ್ಲ, ನ್ಯಾಯ ಮುಗಿಸಿದವರು ನಗುವ ನಗು.

ಅವಳು ಅಣ್ಣನ ಕಡೆ ತಿರುಗಿದಳು. ದಾರ್ಕೊ ಅವಳ ಕಣ್ಣು ತಪ್ಪಿಸಿ, ಅವರು ಹೇಳಿದ್ದರಲ್ಲಿ ತಪ್ಪಿಲ್ಲ ಅನ್ನುವಂತೆ ತಲೆಯಾಡಿಸಿದ. ತನ್ನ ಮನೆಯಲ್ಲಾದರೆ ಅವನೂ ಇದನ್ನೇ ಹೇಳುತ್ತಿದ್ದ. ಗಂಡನ ಕಡೆ ನೋಡಿದಳು. ಅಗ್ಯೆಕುಮ್ ತನ್ನ ಬರಿಗಾಲಿನ ಬೆರಳು ನೋಡುತ್ತಾ ಕೂತಿದ್ದ. ಇವನಿಗೆ ಮೊದಲೇ ಗೊತ್ತಿತ್ತೋ, ಇವನೂ ತನ್ನ ಹಾಗೇ ಮೋಸಹೋದನೋ, ಆ ಮುಖದಿಂದ ಅವಳಿಗೆ ತಿಳಿಯಲಿಲ್ಲ. ಇನ್ನು ಸಾಯುವ ತನಕ ಪಕ್ಕದಲ್ಲೇ ಮಲಗಿದರೂ ತಿಳಿಯುವುದಿಲ್ಲ.

ಕೊನೆಗೆ ಅಡೋಮಾಳನ್ನು ನೋಡಿದಳು. ಮನೆ ಒಂದು ದಿನ ಅವಳ ಮಗನಿಗೇ ಬರುವುದು. ಅದನ್ನು ತಪ್ಪಿಸಲು ತಾನೇ ಆಕೆ ಆ ಶುಕ್ರವಾರ ಬರಿಗೈಯಲ್ಲಿ ಬಂದು ಕಲ್ಲಿನ ಮೇಲೆ ಕೂತದ್ದು! ಈಗ ಅರ್ಥವಾಗಿ ಏನು ಬಂತು? ಅಡೋಮಾಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ, ನಾನು ಹೇಳಿದ್ದೆ ಅನ್ನುವ ಕಳೆಯೂ ಇರಲಿಲ್ಲ. ಬಿರಾಗೊಗೆ ಹೊಟ್ಟೆಯೊಳಗಿಂದ ನಾಚಿಕೆ ಎದ್ದು ಬಂತು, ಅದು ಶ್ನಾಪ್ಸ್‌ಗಿಂತ ಉರಿಯಿತು.

"ಹೆದರಬೇಡ ಮಗಳೇ," ಅಂದ ಸಾರ್ಫೋ, ಅದೇ ಬೆಣ್ಣೆಯಂಥ ದನಿಯಲ್ಲಿ. "ನಿನ್ನನ್ನ ಯಾರೂ ಹೊರಗೆ ಹಾಕಲ್ಲ. ಅಗ್ಯೆಕುಮ್ ಇರೋ ತನಕ ಇರು. ಆಮೇಲೂ ನಡತೆ ನೋಡಿಕೊಂಡು, ಮೂಲೇಲಿ ಒಂದು ಕೋಣೆ ಬಿಟ್ಟುಕೊಡೋಣ. ಏನಂತೀರಿ?"

ಹಿರಿಯರು ಹೂಂ ಅಂದರು. ಎಂಥ ದೊಡ್ಡ ಮನಸ್ಸು ಅಂತ ಒಬ್ಬರು ಅಂದರು. ಆಮೇಲೆ ಎಲ್ಲರೂ ಅವಳನ್ನೇ ನೋಡುತ್ತಾ ಕೂತರು. ಯಾಕೆ ನೋಡುತ್ತಿದ್ದಾರೆ ಅಂತ ಅವಳಿಗೆ ಹೊಳೆಯಲಿಲ್ಲ. ದಾರ್ಕೊ ಮೊಣಕೈಯಿಂದ ಮೆಲ್ಲಗೆ ತಿವಿದು ಕಿವಿಯಲ್ಲಿ ಹೇಳಿದ.

"ಕೋಣೆ ಕೊಟ್ರಲ್ಲ ಕಣೆ. ಉಪಕಾರ ಹೇಳು."

ಬಿರಾಗೊ ಮೊಣಕಾಲು ಬಗ್ಗಿಸಿದಳು. ತಾನು ನೀರು ಹೊತ್ತು ಕಟ್ಟಿದ ಮನೆಯಲ್ಲಿ ತನಗೊಂದು ಮೂಲೆ ಕೊಟ್ಟದ್ದಕ್ಕೆ, ಎಲ್ಲರಿಗೂ ಕೇಳುವ ಹಾಗೆ, "ದೊಡ್ಡ ಉಪಕಾರ ಆಯ್ತು ಮಾವನೋರೆ" ಅಂದಳು.